ಅಪ್ಪನ ಮೇಜಿಗೆ ಹೊಸ ಹಿಡಿ

ನಮ್ಮ ಬಾಡಿಗೆ ಫ್ಲ್ಯಾಟ್‌ನ ಹಾಲ್‌ಗೆ ಸ್ವಲ್ಪವೂ ಹೊಂದದೇ ಇದ್ದದ್ದು ಒಂದೇ ವಸ್ತು, ಅಪ್ಪನ ತೇಗದ ಮೇಜು. ಮೇಷ್ಟ್ರಾಗಿದ್ದ ಅಪ್ಪ ಅರಸೀಕೆರೆಯ ಮನೆಯಲ್ಲಿ ಅದರ ಮೇಲೇ ಪೇಪರ್ ತಿದ್ದುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಬೆಂಗಳೂರಿಗೆ ಬಂದಳು, ಜೊತೆಗೆ ಮೇಜೂ ಬಂತು. ಮೂರು ಡ್ರಾಯರ್, ಕಪ್ಪಿಟ್ಟ ಪುಟ್ಟ ಗುಂಡು ಹಿಡಿಗಳು. ನಡುವಿನ ಹಿಡಿಗೆ ಮಾತ್ರ ಬಳೆಯ ಹಾಗೆ ಗಂಟು ಹಾಕಿದ ಸೆಣಬಿನ ಹುರಿ. ವಿಡಿಯೊ ಕಾಲ್‌ನಲ್ಲಿ ಅದು ಕಾಣದ ಹಾಗೆ ಲ್ಯಾಪ್‌ಟಾಪ್ ತಿರುಗಿಸಿ ಕೂರುತ್ತಿದ್ದೆ.

ಮಾರಿಬಿಡೋಣ ಅಂದಾಗ ಅಮ್ಮ ಮಾತೇ ಆಡಲಿಲ್ಲ. ಸರಿ, ಹಿಡಿಗಳನ್ನಾದರೂ ಬದಲಾಯಿಸೋಣ ಅಂತ ಆನ್‌ಲೈನ್‌ನಲ್ಲಿ ಹಿತ್ತಾಳೆ ಬಣ್ಣದ ಮೂರು ನಾಬ್ ತರಿಸಿದೆ. ಹಳೆಯದಕ್ಕೂ ಒಂದೇ ತೂತು, ಹೊಸದಕ್ಕೂ ಒಂದೇ ತೂತು. ಸ್ಕ್ರೂಡ್ರೈವರ್ ಇದ್ದರೆ 10 ನಿಮಿಷದ ಕೆಲಸ. ಹುರಿಯನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದ್ದಾಯ್ತು.

ಆ ರಾತ್ರಿ ಅಮ್ಮ ನಡುವಿನ ಡ್ರಾಯರ್ ಮುಂದೆ ನಿಂತಿದ್ದಳು. ಬಿಪಿ ಮಾತ್ರೆ ಇರೋದು ಅದರಲ್ಲೇ. ಗಂಟು ಊದಿದ ಬೆರಳುಗಳಿಂದ ನುಣುಪಾದ ನಾಬ್ ಜಾರುತ್ತಲೇ ಇತ್ತು.

"ಯಾಕಮ್ಮ, ನನ್ನ ಕರೀಬಾರ್ದಾ?"

"ಒಂದು ಡ್ರಾ ತೆಗೆಯೋಕೂ ನಿನ್ನ ಕರೀಬೇಕಾ?" ಅಂದಳು. ಆಮೇಲೆ ಮೆಲ್ಲಗೆ, "ಆ ಹುರಿ ನಿಮ್ಮಪ್ಪ ಕಟ್ಟಿದ್ದು ಕಣೋ. ಬೆರಳು ತೂರಿಸಿ ಎಳ್ಕೋ, ನೋವಾಗಲ್ಲ ಅಂದಿದ್ರು."

ಇಷ್ಟು ವರ್ಷ ಅದನ್ನು ನಾನು ಅಪ್ಪನ ಜಿಪುಣತನ ಅಂದುಕೊಂಡಿದ್ದೆ.

ನಾಬ್ ಎಳೆಯಬೇಕಾದರೆ ಬೆರಳ ತುದಿಯಲ್ಲಿ ಚಿವುಟುವ ಹಾಗೆ ಒತ್ತಿ ಹಿಡಿಯಬೇಕು. ಗಂಟು ನೋವಿರುವವರಿಗೆ ಕಷ್ಟ ಅದೇ. 'ಡಿ' ಆಕಾರದ ಹಿಡಿಯಾದರೆ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ತೋಳಿನ ಬಲದಿಂದ ಎಳೆಯಬಹುದು. ಶನಿವಾರ ಅಮ್ಮನನ್ನೂ ಕರೆದುಕೊಂಡು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದೆ. ಒಂದೊಂದನ್ನೂ ಹಿಡಿದು ನೋಡಿ, ನಾಲ್ಕೂ ಬೆರಳು ಸಲೀಸಾಗಿ ಹೋಗುವ ಹಿಡಿಯನ್ನು ಅವಳೇ ಆರಿಸಿದಳು.

ನೀವೂ ಈ ಕೆಲಸಕ್ಕೆ ಇಳಿಯೋದಾದರೆ ಕೆಲವು ವಿಷಯ ನೆನಪಿರಲಿ. ಎರಡು ತೂತಿನ ಹಿಡಿಗೆ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಅಂತರವೇ ಅಳತೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು 96 ಮತ್ತು 128 ಮಿಲಿಮೀಟರ್. ನಾವು ತಂದದ್ದು 128. ಡ್ರಾಯರ್ ಮುಂಭಾಗದ ಹಲಗೆ ಎಷ್ಟು ದಪ್ಪ ಅಂತಲೂ ಅಳೆದುಕೊಂಡು ಹೋಗಿ. ಹಳೆಯ ಮರ ದಪ್ಪಗಿದ್ದರೆ ಹಿಡಿಯ ಜೊತೆ ಕೊಡುವ ಸ್ಕ್ರೂ ಸಾಲುವುದಿಲ್ಲ. ಹಿತ್ತಾಳೆ ಅಂತ ಮಾರುವ ಹಿಡಿಗೆ ಅಯಸ್ಕಾಂತ ಅಂಟಿದರೆ ಒಳಗಿರೋದು ಕಬ್ಬಿಣ.

ತೂತುಗಳ ಜಾಗವನ್ನು ಮೊದಲು ರಟ್ಟಿನ ಮೇಲೆ ಗುರುತು ಮಾಡಿಕೊಂಡು, ಅದೇ ರಟ್ಟನ್ನು ಮೂರೂ ಡ್ರಾಯರ್‌ಗೆ ಇಟ್ಟು ನೋಡಿ. ಹಿಡಿಗಳು ಒಂದೇ ಸಾಲಿಗೆ ಬರುತ್ತವೆ. ಕೊರೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹಿಂದೆ ಒಂದು ಮರದ ತುಂಡು ಒತ್ತಿ ಹಿಡಿದರೆ ಮರ ಸಿಬಿರೇಳುವುದಿಲ್ಲ. ನಡುವಿನ ಹಳೇ ತೂತಿಗೆ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದೆ. ಕಲೆ ಸ್ವಲ್ಪ ಕಾಣುತ್ತೆ, ಇರಲಿ ಬಿಡಿ. ಡ್ರಾಯರ್ ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿದ ಮೇಲಂತೂ ಒಂದೇ ಬೆರಳಿಗೆ ಬರುತ್ತದೆ.

ಹುರಿಯನ್ನು ಕಸದ ಗಾಡಿ ಬರುವ ಮೊದಲೇ ಬುಟ್ಟಿಯಿಂದ ಎತ್ತಿಟ್ಟಿದ್ದೆ. ಹಳೆಯ ಗುಂಡು ಹಿಡಿಗಳ ಜೊತೆ ಅದೀಗ ಮಾತ್ರೆಗಳ ಪಕ್ಕದಲ್ಲಿದೆ. ರಾತ್ರಿ 9 ಗಂಟೆಗೆ ಡ್ರಾಯರ್ ಸರ್ರನೆ ತೆರೆದ ಸದ್ದು ಕೇಳಿಸಿದರೆ, ಅಮ್ಮ ಮಾತ್ರೆ ತಗೊಂಡಳು ಅಂತ ಲೆಕ್ಕ.