ಬ್ಲ್ಯಾಕ್‌ಬೆರಿ ಗಿಡ ತರಿಸುವ ಮುಂಚೆ ಬೇಲಿಯ ಕವಳಿ ನೋಡಿ

"ಬ್ಲ್ಯಾಕ್‌ಬೆರಿ ಗಿಡ ಆನ್‌ಲೈನ್‌ನಲ್ಲಿ ಸಿಗ್ತಿದೆ, ಬೇಲಿಗೆ ಹಾಕ್ಬಹುದಾ ಸರ್?" ಅಂತ ವಾಟ್ಸಾಪ್‌ನಲ್ಲಿ ಆಗಾಗ ಕೇಳ್ತಾರೆ. ವಿದೇಶಿ ಬ್ಲ್ಯಾಕ್‌ಬೆರಿ ತಳಿಗಳಲ್ಲಿ ಹೆಚ್ಚಿನವಕ್ಕೆ ಚೆನ್ನಾಗಿ ಹಣ್ಣು ಬಿಡಲು ಚಳಿಗಾಲದ ಗಟ್ಟಿ ಚಳಿ ಬೇಕು. ನಮ್ಮ ಬಯಲುಸೀಮೆಯಲ್ಲಿ ಅದು ಸಿಗೋದಿಲ್ಲ. ಅದೇ ಜಾಗಕ್ಕೆ ಕಪ್ಪು ಹಣ್ಣು, ಮುಳ್ಳು, ಹಕ್ಕಿಗೆ ಊಟ ಮೂರೂ ಕೊಡುವ ಗಿಡ ನಮ್ಮಲ್ಲೇ ಇದೆ. ಅದು ಕವಳಿ. ಕೆಲವು ಕಡೆ ಕೌಳಿ ಅಂತಾರೆ, ಕರಾವಳಿಯಲ್ಲಿ ಕರಂಡೆ.

ಬೇಲಿ ಸಾಲು ಖಾಲಿ ಬಿಟ್ಟರೆ ಅಲ್ಲಿ ಏನು ಬೆಳೆಯಬೇಕು ಅಂತ ಹಕ್ಕಿಗಳೇ ತೀರ್ಮಾನಿಸುತ್ತವೆ. ಪಿಕಳಾರ, ಗೊರವಂಕ ಏನು ತಿಂದಾವೋ ಅದನ್ನೇ ಬಿತ್ತುತ್ತವೆ. ಸುತ್ತ ಲಂಟಾನ ಮಾತ್ರ ಇದ್ದರೆ ನಿಮ್ಮ ಬದುವಿಗೂ ಲಂಟಾನವೇ ಬರೋದು. ಜೆಸಿಬಿ ತರಿಸಿ ಹಳೆಯ ಬೇಲಿ ಸಾಲನ್ನೆಲ್ಲ ಕಿತ್ತು ತಂತಿ ಎಳೆಯುವವರು ಈ ಲೆಕ್ಕ ಹಾಕೋದೇ ಇಲ್ಲ. ನಿಮ್ಮ ಬೇಲಿಯಲ್ಲಿ ಹಳೆಯ ಕವಳಿ ಪೊದೆ ಇದ್ದರೆ ದಯವಿಟ್ಟು ಅದನ್ನು ಬಿಟ್ಟು ತಂತಿ ಎಳೆಯಿರಿ. ಆ ದಟ್ಟ ಮುಳ್ಳಿನೊಳಗೆ ಸಣ್ಣ ಹಕ್ಕಿಗಳು ಗೂಡು ಕಟ್ಟುತ್ತವೆ, ನಿಮಗೆ ಬೀಜವೂ ಅಲ್ಲೇ ಸಿಗುತ್ತದೆ.

ಬೀಜದ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಕವಳಿ ಬೀಜ ಒಣಗಿಸಿ ಡಬ್ಬಿಯಲ್ಲಿಡುವ ಜಾತಿಯದ್ದಲ್ಲ, ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಪ್ಯಾಕೆಟ್‌ನಲ್ಲಿ ಬರುವ ಒಣಬೀಜಕ್ಕೆ ದುಡ್ಡು ಹಾಕ್ಬೇಡಿ. ಮೇ-ಜೂನ್‌ನಲ್ಲಿ ಪೂರ್ತಿ ಕಪ್ಪಾದ ಹಣ್ಣು ತಂದು ಹಿಚುಕಿ, ತೊಳೆದು, ನೆರಳಲ್ಲಿ ನೀರಾರಿಸಿ, ಒಂದೆರಡು ದಿನದೊಳಗೆ ಮಣ್ಣು-ಮರಳು-ಗೊಬ್ಬರ ತುಂಬಿದ ಚೀಲಕ್ಕೆ ಹಾಕಿ. ಮುಂದಿನ ವರ್ಷದ ಮುಂಗಾರಿಗೆ ನಾಟಿ ಮಾಡಬಹುದು. ದಪ್ಪ ಹಣ್ಣಿನ ಕೊಂಕಣ್ ಬೋಲ್ಡ್, ಪಂತ್ ಸುದರ್ಶನ್‌ನಂಥ ತಳಿಗಳೂ ಇವೆ, ಆದರೆ ಬೇಲಿಗೆ ನನ್ನ ಆಯ್ಕೆ ಊರಿನ ಬೀಜದ ಗಿಡವೇ.

ಬೇಲಿಗಾದರೆ ಎರಡರಿಂದ ಮೂರು ಅಡಿ ಅಂತರ ಸಾಕು. ನೀರು ನಿಲ್ಲುವ ಜಾಗ ಬೇಡ. ಕಲ್ಲುಮಣ್ಣಾದರೂ ತೊಂದರೆ ಇಲ್ಲ. ಮೊದಲ ಎರಡು ವರ್ಷ ಮೇಕೆ ಬಾಯಿಗೆ ಸಿಗದಂತೆ ಮುಳ್ಳುಕಂಟಿ ಇಟ್ಟು ಕಾಯಬೇಕು, ಬೇಸಿಗೆಯಲ್ಲಿ ಆಗಾಗ ನೀರು ಕೊಡಬೇಕು. ಆಮೇಲೆ ಅದೇ ನೋಡ್ಕೊಳ್ಳುತ್ತೆ. ಬೀಜದ ಗಿಡ ಸಾಮಾನ್ಯವಾಗಿ ಮೂರನೇ ವರ್ಷದಿಂದ ಕಾಯಿ ಕಾಣಿಸುತ್ತದೆ.

ಹೂ ಬರುವುದು ಕೊಂಬೆಯ ತುದಿಯಲ್ಲಿ. ಪಾರ್ಕಿನ ಬೇಲಿ ತರಹ ಜನವರಿಯಲ್ಲಿ ನೀಟಾಗಿ ಕತ್ತರಿಸಿದರೆ ಆ ವರ್ಷದ ಹಣ್ಣು ಹೋಯಿತು ಅಂತಲೇ ಲೆಕ್ಕ. ಕತ್ತರಿ ಏನಿದ್ದರೂ ಕೊಯ್ಲಾದ ಮೇಲೆ. ನಾನು ದಾರಿ ಕಡೆಯದನ್ನು ಮಾತ್ರ ಸವರುತ್ತೇನೆ, ತೋಟದ ಕಡೆಯದು ಅದರ ಪಾಡಿಗೆ ಬೆಳೆಯುತ್ತದೆ.

ಎಲ್ಲಾ ಕಾಟಕ್ಕೂ ಇದೇ ಮದ್ದು ಅಂತ ನಾನು ಹೇಳಲ್ಲ. ದನ, ಮೇಕೆ ನಿಲ್ಲುತ್ತವೆ. ಹಂದಿ ಬುಡದ ಸಂದಿ ಹುಡುಕಿ ನುಗ್ಗುತ್ತದೆ, ಮಂಗಕ್ಕೆ ಬೇಲಿಯೇ ಲೆಕ್ಕಕ್ಕಿಲ್ಲ.

ಹಣದ ಮಾತಿಗೆ ಬಂದರೆ, ಎಳೆಕಾಯಿಗೆ ಉಪ್ಪಿನಕಾಯಿ ಮಾಡುವವರು ಗಿರಾಕಿ. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಬಹಳ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಯೇ! ಕಾಯಿ ಹಣ್ಣಿಗಿಂತ ಹೆಚ್ಚು ದಿನ ತಾಳುತ್ತದೆ. ಕಪ್ಪು ಹಣ್ಣು ಎರಡು-ಮೂರು ದಿನಕ್ಕೇ ಮೆತ್ತಗಾಗುವುದರಿಂದ ಗಿರಾಕಿ ನೋಡಿಕೊಂಡೇ ಬಿಡಿಸಿ. ಉಳಿದರೆ ಮನೆಯಲ್ಲಿ ಜೆಲ್ಲಿ ಮಾಡಿ, ಪೆಕ್ಟಿನ್ ಧಾರಾಳವಾಗಿರೋದರಿಂದ ಸುಲಭವಾಗಿ ಗಟ್ಟಿಯಾಗುತ್ತದೆ. ಬಿಡಿಸುವಾಗ ಕೈಗೆ ಬಿಳಿ ಹಾಲು ಅಂಟುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಕೈಗೆಟುಕದ ಮೇಲಿನ ಕೊಂಬೆಗಳನ್ನು ನಾನು ಬಿಡಿಸೋದೇ ಇಲ್ಲ, ಅದು ಹಕ್ಕಿಗಳ ಪಾಲು. ಇನ್ನು ಸವರಿದ ಕೊಂಬೆಗಳನ್ನು ಅದೇ ದಿನ ಎತ್ತಿ ರಾಶಿ ಹಾಕಿ. ದಾರಿಯಲ್ಲಿ ಬಿದ್ದರೆ ಮೊದಲು ಪಂಕ್ಚರ್ ಆಗೋದು ನಿಮ್ಮ ಬೈಕೇ.