ಹಾಡು ಕಲಿಯುವ ಮಗುವಿಗೆ ಮೊದಲು ಏನು ಕೊಡಿಸಬೇಕು?

ಬೇಸಿಗೆ ರಜೆ ಬಂದು, ಧರ್ಮಕೇಂದ್ರದ ಗಾಯನವೃಂದಕ್ಕೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವಾಗಲೆಲ್ಲ ಹೆತ್ತವರು ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಕೀಬೋರ್ಡ್ ಯಾವುದು ತರೋಣ?" ಹಾಡಲು ಕಲಿಯುವ ಮಗುವಿಗೆ ಕೀಬೋರ್ಡ್ ಏಕೆಂದು ನಾವು ತಿರುಗಿ ಕೇಳಿದರೆ ಹಲವರಿಗೆ ಅಚ್ಚರಿ.

ಕೀಬೋರ್ಡಿನ ಮೇಲೆ ನಮಗೆ ಹಗೆಯಿಲ್ಲ. ಆದರೆ ಒತ್ತಿದೊಡನೆ ಸ್ವರ ಸಿದ್ಧವಾಗಿ ಬರುತ್ತದೆ. ಮಗು ಅದರ ಹಿಂದೆಯೇ ಹಾಡುತ್ತದೆ. ವಾದ್ಯ ನಿಂತಿತೆಂದರೆ ಹಾಡೂ ಜಾರುತ್ತದೆ. ತಂಬೂರಿಯ ನಾದ ಹಾಗಲ್ಲ. ಅದು ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲುತ್ತದೆ, ಉಳಿದ ಸ್ವರಗಳನ್ನು ಮಗುವಿನ ಕಿವಿಯೇ ಹುಡುಕಬೇಕು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಅಂತಹ ನಾದ ಮೊಬೈಲ್ ಫೋನಿನಲ್ಲಿ ಖರ್ಚಿಲ್ಲದೆ ದೊರೆಯುತ್ತದೆ. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳೂ ಇವೆ. ತಪ್ಪಿದ ಸ್ವರವನ್ನು ಅವು ತೋರಿಸಿಯಾವು; ಗಂಟಲು ಬಿಗಿದಿದೆ, ಹೆಗಲು ಏರಿದೆ ಎಂದು ತಿದ್ದಲಾರವು.

11ನೆಯ ಶತಮಾನದಲ್ಲಿ ಇಟಲಿಯ ಸನ್ಯಾಸಿ ಗ್ವಿದೋ ದ ಅರೆಟ್ಸೊ ಅವರು ಸಂತ ಸ್ನಾನಿಕ ಯೊವಾನ್ನರ ಸ್ತುತಿಗೀತೆಯೊಂದನ್ನೇ ಸ್ವರಪಾಠವಾಗಿಸಿದರು. ಅದರ ಮೊದಲ ಆರು ಖಂಡಗಳು ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ ಆರಂಭವಾಗುತ್ತವೆ. ಅವುಗಳ ಮೊದಲಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ ಎನಿಸಿದವು. ಪುರಂದರದಾಸರ ಹೆಸರಿನೊಡನೆ ಬಂದಿರುವ ನಮ್ಮ ಸರಳೆ ವರಸೆಗಳ ಹಾದಿಯೂ ಬಹುಮಟ್ಟಿಗೆ ಇದೇ. ಎರಡಕ್ಕೂ ಬೇಕಾದುದು ಕಂಠ, ಕಿವಿ, ಎದುರಿಗೆ ಕುಳಿತು ಆಲಿಸುವ ಗುರು.

ಆಲಿಸುವ ಮಾತು ಬಂದುದರಿಂದ ನಮ್ಮ ತಪ್ಪೊಂದನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ, ಚೆನ್ನಾಗಿ ಹಾಡುತ್ತಿದ್ದ ಬಾಲಕನೊಬ್ಬನ ಕಂಠ ಹದಿಮೂರರಲ್ಲಿ ಒಡೆಯತೊಡಗಿತು. ಕ್ರಿಸ್ಮಸ್ ಹತ್ತಿರವಿತ್ತು. "ನೀನು ಸುಮ್ಮನೆ ಬಾಯಾಡಿಸು ಮಗಾ, ಸಾಕು" ಎಂದೆವು. ಹಬ್ಬದ ಬಲಿಪೂಜೆಯಲ್ಲಿ ಅವನು ಹಾಗೆಯೇ ಬಾಯಾಡಿಸುತ್ತ ನಿಂತ. ಮತ್ತೆ ಹಾಡಲು ಬರಲಿಲ್ಲ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ಗಂಡುಮಕ್ಕಳ ಕಂಠ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ಅದುವರೆಗೆ ಹಿಡಿತ ತಪ್ಪುತ್ತದೆ ಎಂಬುದನ್ನು ನಾವು ತಿಳಿದಿರಲಿಲ್ಲ. ಶ್ರುತಿಯನ್ನು ಇಳಿಸಿ, ಅವನಿಗೆ ನಿಲುಕುವ ಕೆಲವೇ ಸ್ವರಗಳನ್ನು ಮೆಲ್ಲನೆ ಹಾಡಿಸಬಹುದಿತ್ತು.

ಆದುದರಿಂದ ಶಿಕ್ಷಕರನ್ನು ಅರಸುವ ಹೆತ್ತವರು ಮೊದಲ ದಿನ ಪಕ್ಕದಲ್ಲಿ ಕುಳಿತು ನೋಡಲಿ: ಪಾಠಕ್ಕೆ ಮುನ್ನ ಅವರು ಮಗುವಿನಿಂದ ಹಾಡಿಸಿ, ಅದರ ಶ್ರುತಿಯನ್ನು ಹುಡುಕುತ್ತಾರೆಯೇ? ಹುಡುಗನಾದರೆ, ಕಂಠ ಒಡೆಯುವ ಕಾಲದಲ್ಲಿ ಹೇಗೆ ಕಲಿಸುವಿರೆಂದು ಸಂಕೋಚವಿಲ್ಲದೆ ಕೇಳಲಿ. ಕೀಬೋರ್ಡಿನ ಮಾತನ್ನು ಮುಂದಿನ ವರ್ಷ ನೋಡೋಣ.