ಹಿರಿಯ ವಿದ್ಯಾರ್ಥಿಯೂ ಗುರುವೇ

ಕನ್ನಡ ಮಾಧ್ಯಮದಲ್ಲಿ ಓದಿ, ಸೇಡಂ ತಾಲ್ಲೂಕಿನ ಆಡಕಿಯಂಥ ಊರಿನಿಂದ ವಿಶ್ವವಿದ್ಯಾಲಯಕ್ಕೆ ಬರುವ ತರುಣನಿಗೆ ತಿಳಿದ ವಿಜ್ಞಾನವೂ ಇಂಗ್ಲಿಷಿನಲ್ಲಿ ಅಪರಿಚಿತವೆನಿಸುತ್ತದೆ. ಈ ಪ್ರಾಂತಕ್ಕೆ ಇಂಥ ತೊಡಕು ಹೊಸದಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅಂದು ಉರ್ದುವೇ ಬೋಧನ ಭಾಷೆ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ದಾರಿಯೇನೋ ಹತ್ತಿರವಾಯಿತು. ಭಾಷೆಯ ತೊಡಕು ಮಾತ್ರ ಉಳಿಯಿತು.

ಅಧ್ಯಾಪಕರನ್ನು ಕೇಳಲು ಅಂಜುವವನು ವಸತಿಗೃಹದ ಹಿರಿಯ ವಿದ್ಯಾರ್ಥಿಯನ್ನು ‘ಅಣ್ಣಾ’ ಎಂದು ಕರೆದು ಕೇಳಬಲ್ಲನು. ಹಿಂದಿನ ವರ್ಷ ತಾನೇ ಎಡವಿದವನಿಗೆ ಕಲ್ಲು ಎಲ್ಲಿದೆಯೆಂಬುದು ಚೆನ್ನಾಗಿ ನೆನಪಿರುತ್ತದೆ. ಹೇಳಿಕೊಡುವವನಿಗೂ ಇದರಿಂದ ನಷ್ಟವಿಲ್ಲ. ವಿವರಿಸಹೊರಟಾಗಲೇ ತನ್ನ ಅರೆತಿಳಿವು ಬಯಲಾಗುತ್ತದೆ.

ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮವನ್ನು ಆಂಡ್ರ್ಯೂ ಬೆಲ್ ಮದರಾಸಿನಲ್ಲಿ ನಡೆಸಿ, 1797ರಲ್ಲಿ ಇಂಗ್ಲೆಂಡಿಗೆ ಪರಿಚಯಿಸಿದನು. ಅಲ್ಲಿ ಅದಕ್ಕೆ ‘ಮದರಾಸು ಪದ್ಧತಿ’ಯೆಂದೇ ಹೆಸರಾಯಿತು.

ಅಣ್ಣನ ಋಣವನ್ನು ಅಣ್ಣನಿಗೇ ತೀರಿಸಬೇಕಿಲ್ಲ. ಮುಂದಿನ ವರ್ಷ ಬರುವ ತಮ್ಮನಿಗೆ ಹೇಳಿಕೊಟ್ಟರೆ ಸಾಕು.